ಯಾದಿ ಹಿಡಿದು ಓಣಿ ಓಣಿ

2008ರ ವಿಧಾನಸಭಾ ಚುನಾವಣೆಯಲ್ಲಿ ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಧರ್ಮಸಿಂಗ್ ಅವರು ಸೋತದ್ದು 70 ಮತಗಳಿಂದ. ದಶಕಗಳ ಕಾಲ ಅದೇ ಕ್ಷೇತ್ರದಿಂದ ಗೆದ್ದು ಬಂದವರು, ಎರಡು ವರ್ಷದ ಹಿಂದಿನವರೆಗೆ ಮುಖ್ಯಮಂತ್ರಿ ಆಗಿದ್ದವರು. ಎಪ್ಪತ್ತು ಓಟು ಅಂದರೆ ನಮ್ಮ ಕಡೆ ಒಂದು ಸಣ್ಣ ಓಣಿ, ಹೆಚ್ಚೆಂದರೆ ಇಪ್ಪತ್ತು ಮನೆ. ಆ ಓಣಿ ಯಾವ ಊರಿನದು ಅಂತ ಇವತ್ತಿಗೂ ಯಾರೂ ಬೊಟ್ಟು ಮಾಡಿ ತೋರಿಸಲಾರರು.

2023ರಲ್ಲಿ ಚಿಂಚೋಳಿಯಲ್ಲಿ ಗೆದ್ದವರಿಗೂ ಸೋತವರಿಗೂ ನಡುವೆ ಇದ್ದದ್ದು ಸಾವಿರಕ್ಕಿಂತ ಕಡಿಮೆ ಮತ. ಸರಿ, ಇವೆಲ್ಲ ಕೂದಲೆಳೆಯ ಕತೆಗಳು ಅನ್ನಬಹುದು. ಹಾಗಾದರೆ 2019 ತೆಗೆದುಕೊಳ್ಳಿ. 1972ರಿಂದ ಸೋಲನ್ನೇ ಕಾಣದಿದ್ದ ಮಲ್ಲಿಕಾರ್ಜುನ ಖರ್ಗೆ ಅವರು ಕಲಬುರಗಿ ಲೋಕಸಭಾ ಕ್ಷೇತ್ರದಲ್ಲಿ 95 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಅಲೆ, ಅಲೆ ಅಂತ ಎಲ್ಲರೂ ಬರೆದರು. ಒಂದು ಲೋಕಸಭಾ ಕ್ಷೇತ್ರದಲ್ಲಿ ಹೆಚ್ಚುಕಡಿಮೆ ಎರಡು ಸಾವಿರ ಬೂತ್ ಇರುತ್ತವೆ. ಭಾಗಿಸಿ ನೋಡಿ, ಬೂತಿಗೆ ಐವತ್ತೂ ಬೀಳುವುದಿಲ್ಲ. ಅದರಲ್ಲಿ ಅರ್ಧ ಜನ ಮನಸ್ಸು ಬದಲಿಸಿದ್ದರೆ ಫಲಿತಾಂಶವೇ ಬದಲಾಗುತ್ತಿತ್ತು. ಐದು ವರ್ಷ ಬಿಟ್ಟು 2024ರಲ್ಲಿ ಅದೇ ಕ್ಷೇತ್ರ ಸುಮಾರು 27 ಸಾವಿರದ ಅಂತರದಲ್ಲಿ ಕಾಂಗ್ರೆಸ್‌ಗೆ ಮರಳಿತು. ಬೂತಿಗೆ ಹದಿಮೂರು-ಹದಿನಾಲ್ಕು ಓಟು. ಇಷ್ಟು ದೊಡ್ಡ ಹೆಸರು, ಇಷ್ಟು ದೊಡ್ಡ ಸಭೆ, ಹೆಲಿಕಾಪ್ಟರಿನ ಧೂಳು, ಕೊನೆಗೆ ಬಂದು ನಿಲ್ಲುವುದು ಒಂದು ಬೂತಿನ ಹದಿನಾಲ್ಕು ಜನರ ಹತ್ತಿರ.

ಹೀಗೆ ಲೆಕ್ಕ ಮಾಡಿ ತೋರಿಸಿದರೆ ನಮ್ಮ ತಾಲೂಕು ಮಟ್ಟದ ಮುಖಂಡರಿಗೆ ಸಿಟ್ಟು ಬರುತ್ತದೆ. ನನ್ನ ಪಕ್ಷ ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಅರ್ಧ ಜನ ಇಲ್ಲಿಗೇ ಓದು ನಿಲ್ಲಿಸುತ್ತಾರೆ, ಉಳಿದರ್ಧ ಜನ ಓದದೆಯೇ ಶಹಬ್ಬಾಸ್ ಅನ್ನುತ್ತಾರೆ. ನಮ್ಮ ಊರಲ್ಲಿ ಅದು ಸೋತು ಸುಣ್ಣವಾದ ಪಕ್ಷ ಅಂತ ತಿಳಿದುಕೊಂಡರೆ ಸಾಕು. ಒಂದು ಕಾಲಕ್ಕೆ ಆ ಚಿಹ್ನೆ ಬಿಟ್ಟು ಬೇರೆ ಚಿಹ್ನೆ ಊರಿಗೆ ಗೊತ್ತಿರಲಿಲ್ಲ. ಈಗ ಮತದಾನದ ದಿನ ಏಜೆಂಟ್ ಆಗಿ ಕೂಡಲಿಕ್ಕೆ ಜನ ಹುಡುಕಬೇಕು. ನಾನು ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯೆ ಆಗಿದ್ದೆ. ಊರವರು ಇವತ್ತಿಗೂ ‘ಮೆಂಬರ್ ಅಕ್ಕ’ ಅಂತಲೇ ಕರೆಯುತ್ತಾರೆ. ಬೂತ್ ಜವಾಬ್ದಾರಿ ನನ್ನ ಕೊರಳಿಗೆ ಬಿದ್ದದ್ದು ಬೇರೆ ಯಾರೂ ಇರಲಿಲ್ಲ ಅನ್ನುವ ಕಾರಣಕ್ಕೆ. ನನ್ನ ಮೇಲೆ ಅವರಿಗೆ ವಿಶೇಷ ಭರವಸೆ ಏನೂ ಇರಲಿಲ್ಲ.

ಒಂದು ಪಕ್ಷ ಹೇಗೆ ಇಲ್ಲವಾಗುತ್ತದೆ ಅನ್ನುವುದನ್ನು ಈ ಭಾಗದವರು ಕಣ್ಣಾರೆ ನೋಡಿದ್ದಾರೆ. 1994ರಲ್ಲಿ ಜನತಾ ದಳ ರಾಜ್ಯದಲ್ಲಿ 115 ಸೀಟು ಗೆದ್ದಿತ್ತು. 1999ರ ಹೊತ್ತಿಗೆ ಒಡೆದು ಎರಡು ಹೋಳಾಗಿ, ಒಬ್ಬರಿಗೆ 18, ಇನ್ನೊಬ್ಬರಿಗೆ 10. ಬೀದರ್, ಕಲಬುರಗಿಯ ಹಳ್ಳಿಗಳಲ್ಲಿ ದಳದ ಕಾರ್ಯಕರ್ತರು ಅಂದರೆ ಮಾತು ಬಲ್ಲವರು, ರೈತ ಹೋರಾಟದಲ್ಲಿ ಲಾಠಿ ತಿಂದವರು. ಅವರೆಲ್ಲ ಸತ್ತುಹೋಗಲಿಲ್ಲ. ಒಬ್ಬರು ಆ ಪಕ್ಷಕ್ಕೆ, ಒಬ್ಬರು ಈ ಪಕ್ಷಕ್ಕೆ, ಕೆಲವರು ಮನೆಗೆ. ಮೇಲೆ ನಾಯಕರು ಜಗಳಾಡಿದರು ಅಂತ ಕೆಳಗೆ ಬೂತ್ ಖಾಲಿಯಾಯಿತು. ಒಮ್ಮೆ ಖಾಲಿಯಾದ ಬೂತನ್ನು ಮತ್ತೆ ತುಂಬುವುದು ಎಷ್ಟು ಕಷ್ಟ ಅಂತ ಆಮೇಲಿನ ಚುನಾವಣೆಗಳು ತೋರಿಸಿಕೊಟ್ಟಿವೆ.

ಇದಕ್ಕೆ ನಮ್ಮ ಹಿರಿಯ ಮುಖಂಡರೊಬ್ಬರ ಹತ್ತಿರ ಸಿದ್ಧ ಉತ್ತರ ಇದೆ. ‘1989ರಲ್ಲಿ ಕಾಂಗ್ರೆಸ್ 178 ಇತ್ತಲ್ಲ, 94ರಲ್ಲಿ 34ಕ್ಕೆ ಬಿತ್ತು, 99ರಲ್ಲಿ ಮತ್ತ 132. ಏನ್ ಮಾಡಿದ್ರು ಅವ್ರು? ಸುಮ್ನ ಕುಂತಿದ್ರು. ಎದುರಿನವ್ರು ಜಗಳಾಡಿ ಸತ್ರು. ನಾವೂ ಕೂಡಮು, ಕಾಲ ಬರ್ತದ.’ ಲೆಕ್ಕ ಸರಿಯೇ. ಆದರೆ ಸುಮ್ಮನೆ ಕೂಡಲಿಕ್ಕೂ ಊರಲ್ಲಿ ಒಬ್ಬ ಮನುಷ್ಯ ಬೇಕು. ಆಗ ಹಳ್ಳಿಹಳ್ಳಿಯಲ್ಲಿ ಕೂತಿರಲಿಕ್ಕೆ ಅವರಿಗೆ ಜನ ಇದ್ದರು. ನಮಗೆ ಎಲ್ಲಿದ್ದಾರೆ?

ಬೂತ್ ಸಮಿತಿಯ ಪಟ್ಟಿ ಕೇಳಿದೆ. ತಾಲೂಕು ಕಚೇರಿಯಿಂದ ವಾಟ್ಸಾಪಿನಲ್ಲಿ ಬಂತು, ಅಚ್ಚುಕಟ್ಟಾಗಿ ಟೈಪ್ ಮಾಡಿದ್ದು. ಅಧ್ಯಕ್ಷರೆಂದು ಹೆಸರಿದ್ದವರು ಕೊರೋನಾದಲ್ಲಿ ತೀರಿಕೊಂಡಿದ್ದರು. ಉಪಾಧ್ಯಕ್ಷ ಪುಣೆಯಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಹೋಗಿ ವರ್ಷಗಳಾಗಿತ್ತು. ಮಹಿಳಾ ಪ್ರತಿನಿಧಿ ಅಂತ ಬರೆದಿದ್ದ ಹೆಣ್ಣುಮಗಳಿಗೆ ತಾನು ಪ್ರತಿನಿಧಿ ಅನ್ನುವುದೇ ಗೊತ್ತಿರಲಿಲ್ಲ. ಆಧಾರ್ ಜೆರಾಕ್ಸ್ ಒಯ್ದದ್ದು ಮಾತ್ರ ನೆನಪಿತ್ತು, ಸಾಲ ಮಂಜೂರಾಗುತ್ತದೆ ಅಂತ ಕಾಯುತ್ತಿದ್ದಳು. ಇನ್ನಿಬ್ಬರು ಹಿಂದಿನ ಚುನಾವಣೆಯಲ್ಲಿ ಎದುರು ಪಕ್ಷದ ಶಾಲು ಹಾಕಿಕೊಂಡು ಟ್ರ್ಯಾಕ್ಟರ್ ಮೇಲೆ ನಿಂತದ್ದನ್ನು ಇಡೀ ಊರು ನೋಡಿದೆ. ಮೇಲಿನವರಿಗೆ ಮಾತ್ರ ಆ ಬೂತ್ ‘ಸಮಿತಿ ರಚನೆ ಪೂರ್ಣ’. ಮಿಸ್ಡ್ ಕಾಲ್ ಸದಸ್ಯತ್ವ, ಆ್ಯಪ್ ಸದಸ್ಯತ್ವ ಎಲ್ಲ ಪಕ್ಷಗಳೂ ಮಾಡಿ ಆಯಿತು. ಸಂಖ್ಯೆ ಬೆಳೆಯಿತು, ಕುರ್ಚಿ ಹಾಕುವವರು ಬೆಳೆಯಲಿಲ್ಲ.

ಎಲ್ಲಿಂದ ಶುರು ಮಾಡಬೇಕು ಅನ್ನುವ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಓಟರ್ ಲಿಸ್ಟ್. ನಮ್ಮ ಕಡೆ ಯಾದಿ ಅನ್ನುತ್ತೇವೆ. ಕರಡು ಪಟ್ಟಿಯ ಪ್ರಿಂಟ್ ತೆಗೆಸಿದರೆ ಒಂದು ಪುಟಕ್ಕೆ ಮೂವತ್ತು ಜನ. ಬಿಜೆಪಿಯವರು ಇದೇ ಪುಟದ ಲೆಕ್ಕದ ಮೇಲೆ ಪೇಜ್ ಪ್ರಮುಖ್ ಅನ್ನುವ ವ್ಯವಸ್ಥೆ ಮಾಡಿಕೊಂಡಿದ್ದಾರೆ, ಪುಟಕ್ಕೊಬ್ಬ ಹೊಣೆಗಾರ. ವಿರೋಧಿ ಮಾಡಿದ್ದು ಅಂತ ಅದನ್ನು ನೋಡಿ ನಗುವವರು ನಮ್ಮಲ್ಲಿದ್ದಾರೆ. ನನಗೆ ನಗು ಬರುವುದಿಲ್ಲ. ಮೂವತ್ತು ಜನರನ್ನು ಹೆಸರು ಹಿಡಿದು ಬಲ್ಲವನೊಬ್ಬ ಇದ್ದರೆ ಅವನ ಮಾತಿಗೆ ತೂಕ ಇರುತ್ತದೆ, ಅವನು ಯಾವ ಪಕ್ಷದವನೇ ಆಗಿರಲಿ. ತೊಂದರೆ ಬರುವುದು ಆ ಪೇಜ್ ಪ್ರಮುಖನೂ ವಾಟ್ಸಾಪ್ ಪಟ್ಟಿಯಲ್ಲಿ ಮಾತ್ರ ಬದುಕಿದ್ದಾಗ. ಅದು ಎಲ್ಲ ಕಡೆ ಇದೆ.

ಹಿಂದೆ ಪಕ್ಷದವರಿಗೆ ಪ್ರತಿ ಮನೆ ಬಾಗಿಲು ತಟ್ಟಲು ಒಂದು ನೆವ ಇತ್ತು. ಮತದಾನದ ಹಿಂದಿನ ದಿನಗಳಲ್ಲಿ ಚೀಟಿ ಬರೆದು ಹಂಚಬೇಕಿತ್ತು, ಯಾದಿಯ ನಂಬರು, ಹೆಸರು, ಬೂತು. ನಮ್ಮಪ್ಪ ಲಾಟೀನು ಇಟ್ಟುಕೊಂಡು ರಾತ್ರಿಯೆಲ್ಲ ಬರೆಯುತ್ತಿದ್ದರು, ನಾವು ಮಕ್ಕಳು ಓಣಿ ಪ್ರಕಾರ ಕಟ್ಟು ಕಟ್ಟುತ್ತಿದ್ದೆವು. ಯಾರ ಮನೆಯ ಮಗಳು ಗಂಡನ ಮನೆಗೆ ಹೋದಳು, ಯಾರು ತೀರಿಕೊಂಡರು, ಯಾರ ಹೆಸರು ಬಿಟ್ಟುಹೋಗಿದೆ, ಎಲ್ಲ ಆ ಚೀಟಿ ಬರೆಯುವಾಗಲೇ ಗೊತ್ತಾಗುತ್ತಿತ್ತು. ಈಗ ಚುನಾವಣಾ ಆಯೋಗವೇ ಬಿಎಲ್‌ಒ, ಅಂದರೆ ಬೂತ್ ಮಟ್ಟದ ಅಧಿಕಾರಿ ಮೂಲಕ ಚೀಟಿ ಕೊಡುತ್ತದೆ. ಒಳ್ಳೆಯದೇ, ಚೀಟಿಯ ಹೆಸರಲ್ಲಿ ನಡೆಯುತ್ತಿದ್ದ ಬೆದರಿಕೆ ಕಡಿಮೆಯಾಯಿತು. ಆದರೆ ಪಕ್ಷಗಳ ಕಾಲು ಓಣಿಯಿಂದ ಕಿತ್ತದ್ದೂ ಆವಾಗಲೇ. ಮತದಾನದ ದಿನ ಏಜೆಂಟರು ಬಂದವರ ಹೆಸರಿಗೆ ಟಿಕ್ ಹಾಕಿದ ಯಾದಿ ಇದೆಯಲ್ಲ, ಅದಕ್ಕಿಂತ ಬೆಲೆಬಾಳುವ ಕಾಗದ ಒಂದು ಪಕ್ಷದ ಹತ್ತಿರ ಇನ್ನೊಂದಿಲ್ಲ. ಯಾರು ಬರಲಿಲ್ಲ ಅಂತ ಅದರಲ್ಲಿ ಬರೆದಿರುತ್ತದೆ. ನಮ್ಮ ಊರಲ್ಲಿ ಅದು ಎಲ್ಲಿ ಹೋಯಿತು ಅಂತ ಹುಡುಕಿದರೆ, ಬಸ್ ಸ್ಟ್ಯಾಂಡಿನ ಹೊಟೆಲಿನಲ್ಲಿ ಮಿರ್ಚಿ ಭಜಿ ಕಟ್ಟಿಕೊಡುವ ಕಾಗದವಾಗಿ ಸಿಕ್ಕಿತು. ಎಣ್ಣೆ ಹತ್ತಿದ ಪುಟದಲ್ಲಿ ನಮ್ಮದೇ ಓಣಿಯವರ ಫೋಟೋಗಳು.

ಗಂಡಸರ ಪ್ರಚಾರ ಕಟ್ಟೆಗೆ ಮುಗಿಯುತ್ತದೆ. ಹನುಮಾನ ಗುಡಿ ಕಟ್ಟೆ, ಹೊಟೆಲು, ಕಿರಾಣಿ ಅಂಗಡಿ, ಅಲ್ಲಿ ಕೂತ ಹತ್ತು ಜನರೇ ಊರು ಅಂತ ಅವರ ತಿಳುವಳಿಕೆ. ಆ ಹತ್ತು ಜನರ ಮನಸ್ಸು ಎಂದೂ ಬದಲಾಗುವುದಿಲ್ಲ, ಅವರು ಬಂದಿರುವುದೇ ವಾದ ಮಾಡಲಿಕ್ಕೆ. ನಾವು ಮೂವರು ಹೆಣ್ಣುಮಕ್ಕಳು ಯಾದಿ ಹಿಡಿದು ಮನೆಯೊಳಗೆ ಹೋದೆವು. ಹೊತ್ತು ಇಳಿದ ಮೇಲೆ, ರೊಟ್ಟಿ ಬಡಿಯಲಿಕ್ಕೆ ಕೂಡುವ ಮುಂಚೆ. ಓಟು ಕೇಳಬಾರದು ಅನ್ನುವುದೊಂದೇ ನಾವು ಮಾಡಿಕೊಂಡ ಕಟ್ಟಳೆ. ಪಕ್ಷದ ಶಾಲು ಇಲ್ಲ, ಕರಪತ್ರ ಇಲ್ಲ. ಮನೆಯಲ್ಲಿ ಇರುವವರ ಹೆಸರು ಯಾದಿಯಲ್ಲಿ ಸರಿ ಇದೆಯಾ ಅಂತ ಓದಿ ಹೇಳುವುದು, ಅಷ್ಟೇ. ಪಕ್ಷದವರು ಅಂತ ಮುಚ್ಚಿಡಲೂ ಇಲ್ಲ; ಕೇಳಿದ್ದರೆ ಹೇಳುತ್ತಿದ್ದೆವು. ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತೇ ಇತ್ತು.

ಅಗಸಿ ಹತ್ತಿರದ ಓಣಿಯಲ್ಲಿ ಒಬ್ಬ ಆಯಿ. ಮನೆಯ ಮುಂದೆ ಶಹಾಬಾದ್ ಕಲ್ಲು ಹಾಸಿದ ಕಟ್ಟೆ, ಅದರ ಮೇಲೆ ತೊಗರಿ ಬೇಳೆ ಹಸನು ಮಾಡುತ್ತ ಕೂತಿದ್ದಳು. ನಾನು ಮನೆ ನಂಬರು ಓದುತ್ತ ಬಂದೆ. ಮಗನ ಹೆಸರಿದೆ, ಸೊಸೆಯದಿದೆ, ಆಯಿಯ ಗಂಡನ ಹೆಸರಿದೆ, ಆಯಿಯದಿಲ್ಲ. ಮತ್ತೊಮ್ಮೆ ಓದಿದೆ. ಮೊರ ಕೆಳಗಿಟ್ಟಳು.

‘ಅಂವ ಸತ್ತು ಎಷ್ಟ್ ವರ್ಷಾಯ್ತು ಬೇ! ಸತ್ತಂವ ಓಟ್ ಹಾಕಬಹುದು, ನಾ ಹಾಕಂಗಿಲ್ಲ?’

‘ಇಲ್ಲ ಆಯಿ, ನಿನ್ನ ಹೆಸರು ತಪ್ಪಿ ತೆಗೆದಾರ. ಅವ್ರುದು ತೆಗೀಬೇಕಾಗಿತ್ತು.’

‘ತಪ್ಪಿ ಹ್ಯಾಂಗ ಬೇ? ನಾ ಇಲ್ಲೇ ಕುಂತೀನಿ, ದಿನಾ ಇದೇ ಕಟ್ಟಿ ಮ್ಯಾಲ. ಬಂದು ನೋಡಿದ್ರ ಕಾಣ್ತಿದ್ದಿಲ್ಲೇನ್?’

ಬಂದು ನೋಡಿದವರಿಲ್ಲ. ಸರ್ಕಾರದವರೂ, ನಾವೂ. ಹೆಸರು ಸೇರಿಸಲು ನಮೂನೆ 6, ತೆಗೆಸಲು ನಮೂನೆ 7, ತಿದ್ದುಪಡಿಗೆ ಮತ್ತು ವಿಳಾಸ ಬದಲಾವಣೆಗೆ ನಮೂನೆ 8. ಎಪ್ಪತ್ತು ದಾಟಿದ ಹೆಂಗಸು ಹದಿನೆಂಟು ತುಂಬಿದ ಹುಡುಗಿಯ ನಮೂನೆಯನ್ನೇ ತುಂಬಬೇಕು. ಫೋಟೋ ಬೇಕು ಅಂದಾಗ ಒಳಗೆ ಹೋಗಿ ಟ್ರಂಕು ತೆಗೆದು ಹಸಿರು ಇಳಕಲ್ ಸೀರೆ ಉಟ್ಟು ಬಂದಳು, ನಾವು ಕಾಯ್ದೆವು. ಗೋಡೆಗೆ ನಿಲ್ಲಿಸಿ ಮೊಬೈಲಿನಲ್ಲಿ ತೆಗೆದರೆ ಸೆರಗು ನೆತ್ತಿ ಮೇಲೆ, ಹಣೆ ಕಾಣುವುದಿಲ್ಲ. ಸೆರಗು ಸರಿಸು ಅಂದರೆ ಕೇಳುವಾಕೆಯಲ್ಲ. ಸೊಸೆ ನಗಾಡಿ ನಗಾಡಿ ಅತ್ತೆಯ ಕೈಲಿ ಬೈಸಿಕೊಂಡಳು. ಅಂಗನವಾಡಿ ಕಾರ್ಯಕರ್ತೆಯೇ ಬಿಎಲ್‌ಒ; ಆಕೆಗೆ ಪೌಷ್ಟಿಕ ಆಹಾರದ ಲೆಕ್ಕ, ಗರ್ಭಿಣಿಯರ ಲೆಕ್ಕ, ಸಮೀಕ್ಷೆ, ಮೇಲಿಂದ ಇದು. ಆಕೆಯನ್ನು ದೂರುವುದು ಸುಲಭ, ನಾನು ದೂರುವುದಿಲ್ಲ. ಆ ಆಯಿಯ ಹೆಸರು ಮುಂದಿನ ಪಟ್ಟಿಯಲ್ಲಿ ಬಂತು. ಆಕೆ ನಮ್ಮ ಪಕ್ಷಕ್ಕೆ ಓಟು ಹಾಕುತ್ತಾಳೆ ಅನ್ನುವ ಖಾತರಿ ಏನಿಲ್ಲ. ಆಕೆಯ ಮಗ ಎದುರು ಪಕ್ಷದ ಕಟ್ಟಾಳು.

ಯಾದಿ ಓದುವುದು ಯಾಕೆ ಮುಖ್ಯ ಅನ್ನುವುದಕ್ಕೆ ಆಳಂದಕ್ಕಿಂತ ದೊಡ್ಡ ಸಾಕ್ಷಿ ಬೇಡ. 2023ರ ಚುನಾವಣೆಗೆ ಮುಂಚೆ ಅಲ್ಲಿ ಹೆಸರು ತೆಗೆಸಲು ಆನ್‌ಲೈನಿನಲ್ಲಿ ಬಂದ ನಮೂನೆ 7ರ ಅರ್ಜಿಗಳು 6,018. ಮನೆಮನೆಗೆ ಹೋಗಿ ಪರಿಶೀಲಿಸಿದಾಗ ಸರಿ ಅಂತ ಕಂಡದ್ದು 24 ಮಾತ್ರ. ಯಾರು ಹಾಕಿದರು, ಯಾಕೆ ಹಾಕಿದರು ಅನ್ನುವುದು ತನಿಖೆಯ ವಿಷಯ, ಅದರ ಮೇಲೆ ಎರಡೂ ಕಡೆಯವರು ಬೇಕಾದಷ್ಟು ಮಾತಾಡಿದ್ದಾರೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ಅದು ಹೊರಗೆ ಬಿದ್ದದ್ದು ಊರಿನ ಮಂದಿಯನ್ನು ಮುಖ ನೋಡಿ ಬಲ್ಲ ಬಿಎಲ್‌ಒ ಒಬ್ಬರು ತಮ್ಮ ಮನೆಯವರದೇ ಹೆಸರು ಅರ್ಜಿಯಲ್ಲಿ ಕಂಡು ‘ಇದೇನಿದು’ ಅಂದದ್ದರಿಂದ. ಯಾವ ಸಾಫ್ಟ್‌ವೇರೂ ಹಿಡಿಯಲಿಲ್ಲ.

ತಾಂಡಾಗಳ, ಅಂದರೆ ಲಂಬಾಣಿಗರ ಹಟ್ಟಿಗಳ, ಕತೆ ಇನ್ನೊಂದು. ತೊಗರಿ ರಾಶಿ ಮುಗಿಯಿತು ಅಂದರೆ ಅರ್ಧ ಮನೆಗೆ ಬೀಗ. ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರು. 2023ರಲ್ಲಿ ಮತದಾನ ಮೇ 10ಕ್ಕೆ, 2024ರಲ್ಲಿ ನಮ್ಮ ಭಾಗಕ್ಕೆ ಮೇ 7ಕ್ಕೆ. ನಲವತ್ತೆರಡು ಡಿಗ್ರಿ ಬಿಸಿಲು, ಊರಲ್ಲಿ ಇರುವವರೇ ಹೊರಗೆ ಬರುವುದು ಕಷ್ಟ. 2024ರಲ್ಲಿ ರಾಜ್ಯದ ಸರಾಸರಿ ಶೇ. 70 ಇದ್ದರೆ ಕಲಬುರಗಿ ಕ್ಷೇತ್ರದಲ್ಲಿ ಶೇ. 62ರ ಆಸುಪಾಸು. ಆ ವ್ಯತ್ಯಾಸದಲ್ಲಿ ಸೋಮಾರಿತನ ಎಷ್ಟು, ಗುಳೆ ಎಷ್ಟು ಅಂತ ಲೆಕ್ಕ ಮಾಡಿದವರನ್ನು ನಾನು ನೋಡಿಲ್ಲ. ಆದರೆ ಬೀಗ ಹಾಕಿದ ಮನೆಗಳನ್ನು ನೋಡಿದ್ದೇನೆ.

ಚುನಾವಣೆ ವಾರ ಇದೆ ಅನ್ನುವಾಗ ಪಕ್ಷಗಳು ಕ್ರೂಸರ್ ಗಾಡಿ ಮಾಡಿ ಕರೆಸುತ್ತವೆ. ಮತದಾರರಿಗೆ ಪುಕ್ಕಟೆ ವಾಹನ ಮಾಡುವುದು ಪ್ರಜಾಪ್ರಾತಿನಿಧ್ಯ ಕಾಯ್ದೆ ಪ್ರಕಾರ ಭ್ರಷ್ಟ ಆಚರಣೆ. ಎಲ್ಲರಿಗೂ ಗೊತ್ತು, ಎಲ್ಲರೂ ಮಾಡುತ್ತಾರೆ, ದುಡ್ಡಿದ್ದವರು ಹೆಚ್ಚು ಮಾಡುತ್ತಾರೆ. ನಮ್ಮ ಹತ್ತಿರ ದುಡ್ಡೂ ಇಲ್ಲ. ನಾವು ದೀಪಾವಳಿಗೆ ಹೋದೆವು. ದೀಪಾವಳಿಗೆ, ಹೋಳಿ ಹಬ್ಬಕ್ಕೆ ಲಂಬಾಣಿಗರು ಎಲ್ಲಿದ್ದರೂ ತಾಂಡಾಕ್ಕೆ ಬರುತ್ತಾರೆ. ತಾಂಡಾದ ವ್ಯವಹಾರ ನೋಡುವ ಹಿರಿಯ ಕಾರಭಾರಿ. ಅವರ ಮನೆಯ ಬಾಗಿಲ ಹಿಂದಿನ ಗೋಡೆ ತುಂಬ ಫೋನ್ ನಂಬರುಗಳು, ಕೆಲವು ಪೆನ್ನಿನಲ್ಲಿ, ಕೆಲವು ಇದ್ದಿಲಿನಲ್ಲಿ. ಯಾರು ಯಾವ ಊರಲ್ಲಿ ಯಾವ ಮೇಸ್ತ್ರಿ ಕೈಕೆಳಗೆ ಅಂತ ಅಲ್ಲೇ ಬರೆದಿದೆ. ಸುಣ್ಣ ಹಚ್ಚುವಾಗ ಅಷ್ಟು ಭಾಗ ಬಿಟ್ಟು ಹಚ್ಚಿದ್ದಾರೆ. ಒಂದು ಪಕ್ಷದ ಕಚೇರಿಯಲ್ಲೂ ಆ ಗೋಡೆಯಷ್ಟು ಸರಿಯಾದ ಮಾಹಿತಿ ಇಲ್ಲ.

2023ರ ಜನವರಿಯಲ್ಲಿ ಮಳಖೇಡದಲ್ಲಿ ಪ್ರಧಾನಿ ಬಂದು ಐದು ಜಿಲ್ಲೆಗಳ ತಾಂಡಾದ 50 ಸಾವಿರದಷ್ಟು ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮ ನಡೆಯಿತು. ಕಂದಾಯ ಗ್ರಾಮ ಆಗಬೇಕು ಅನ್ನುವುದು ತಾಂಡಾಗಳ ಬಹಳ ಹಳೆಯ ಬೇಡಿಕೆ, ಅದು ಸಣ್ಣ ಮಾತಲ್ಲ. ನಾಲ್ಕು ತಿಂಗಳಿಗೆ ಚುನಾವಣೆ ಬಂತು. ಮಳಖೇಡ ಇರುವ ಸೇಡಂ ಕ್ಷೇತ್ರವನ್ನೇ ಪ್ರಧಾನಿಯ ಪಕ್ಷ ಬಿಜೆಪಿ ಕಳೆದುಕೊಂಡಿತು, ಪಕ್ಕದ ಚಿಂಚೋಳಿ ಉಳಿಸಿಕೊಂಡಿತು. ಕಾರಣ ನೂರು ಇರಬಹುದು. ಸಭೆ ದೊಡ್ಡದಾದ ಮಾತ್ರಕ್ಕೆ ಓಟು ತಾನಾಗಿ ಬೀಳುವುದಿಲ್ಲ ಅನ್ನುವಷ್ಟು ಮಾತ್ರ ನಾನು ತೆಗೆದುಕೊಳ್ಳುತ್ತೇನೆ. ಪಕ್ಷಭೇದ ಇಲ್ಲದೆ ಇದು ಎಲ್ಲರಿಗೂ ಅನ್ವಯ.

ನಗರದ ಮಾತು ಬೇರೆ. ಬಾಡಿಗೆ ಮನೆಯವರು ವರ್ಷಕ್ಕೊಮ್ಮೆ ಮನೆ ಬದಲಿಸುತ್ತಾರೆ, ಹೆಸರು ಹಳೆ ವಾರ್ಡಿನಲ್ಲೇ ಇರುತ್ತದೆ. ಅದನ್ನು ಅಲ್ಲಿನವರೇ ಬರೆಯಲಿ.

ಮನೆಯೊಳಗೆ ಹೋದ ಮೇಲೆ ಯಾದಿ ಐದು ನಿಮಿಷದಲ್ಲಿ ಮುಗಿಯುತ್ತದೆ, ಆಮೇಲೆ ಜನ ತಮ್ಮ ಮಾತು ತೆಗೆಯುತ್ತಾರೆ. ಗೃಹಲಕ್ಷ್ಮಿಯ ಎರಡು ಸಾವಿರ ಯಾವ ತಿಂಗಳದ್ದು ಬಂತು, ಯಾವುದು ಬರಲಿಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿ ನಿಂತುಹೋಗಿದೆ. ರೇಷನ್ ಕಾರ್ಡಿಗೆ ಮೊಮ್ಮಗಳ ಹೆಸರು ಸೇರಿಲ್ಲ. ತೊಗರಿಗೆ ನೆಟೆ ರೋಗ ಬಂದ ವರ್ಷ ಹೊಲಕ್ಕೆ ಹೊಲವೇ ನಿಂತಲ್ಲೇ ಒಣಗಿತು. ಆ ಪರಿಹಾರ ಕೆಲವರ ಖಾತೆಗೆ ಬಂತು, ಪಕ್ಕದವರಿಗೆ ಬರಲಿಲ್ಲ, ಯಾಕೆ ಅಂತ ಯಾರೂ ಹೇಳಲಿಲ್ಲ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಭೌಗೋಳಿಕ ಗುರುತು ಸಿಕ್ಕಿದೆ, ಭಾಷಣದಲ್ಲಿ ಎಲ್ಲರೂ ಹೇಳುತ್ತಾರೆ. ರೈತ ಕೇಳುವುದು ಮಾರುಕಟ್ಟೆಗೆ ಒಯ್ದ ದಿನದ ಕ್ವಿಂಟಲ್ ದರ.

ಇದರಲ್ಲಿ ನಾವು ಮಾಡಬಲ್ಲದ್ದು ಬಹಳ ಕಡಿಮೆ. ಅರ್ಜಿ ಬರೆದುಕೊಡಬಹುದು, ನಾಡಕಚೇರಿಗೆ ಜೊತೆ ಹೋಗಬಹುದು, ಆಧಾರ್ ಬ್ಯಾಂಕಿಗೆ ಲಿಂಕ್ ಆಗಿದೆಯಾ ನೋಡಬಹುದು. ಅಧಿಕಾರದಲ್ಲಿ ಇಲ್ಲದ ಪಕ್ಷಕ್ಕೆ ‘ಮಾಡಿಸಿಕೊಡ್ತೀನಿ’ ಅನ್ನುವ ಮಾತಿಲ್ಲ. ಆ ಮಾತು ಬಾಯಿಂದ ಬರದ ಹಾಗೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ನಮ್ಮ ಜೊತೆ ಬರುತ್ತಿದ್ದ ಹುಡುಗಿಯೊಬ್ಬಳು ಒಂದು ಮನೆಯಲ್ಲಿ ಆಗುತ್ತದೆ ಅಂತ ಹೇಳಿಬಿಟ್ಟಳು. ಕೆಲಸ ಆಗಲಿಲ್ಲ. ಈಗ ಆ ಮನೆಯವರು ನಮ್ಮನ್ನು ಕಂಡರೆ ಬಾಗಿಲು ಮುಂದಕ್ಕೆ ದೂಡುತ್ತಾರೆ. ‘ಆಗಲಿಕ್ಕಿಲ್ಲ, ಆದರೂ ಒಂದು ಅರ್ಜಿ ಕೊಡೋಣ’ ಅಂದ ಮನೆಗಳಲ್ಲಿ ಇವತ್ತಿಗೂ ಚಾ ಸಿಗುತ್ತದೆ.

ಎಲ್ಲ ಓಣಿಗೂ ಹೋದಿರಾ ಅಂತ ಕೇಳಬೇಕು ನೀವು. ಇದು ಊರಿನ ಹಳೆಯ ರೋಗ. ಪ್ರತಿ ಪಕ್ಷಕ್ಕೂ ‘ನಮ್ಮ ಓಣಿ’ಗಳಿವೆ, ಮಿಕ್ಕ ಓಣಿಗಳ ಪಾಲಿಗೆ ಒಬ್ಬ ಮಧ್ಯಸ್ಥ ಇರುತ್ತಾನೆ. ದಲಿತರ ಕೇರಿಗೆ ಹೋಗಬೇಕಾದರೆ ಆ ಮಧ್ಯಸ್ಥನಿಗೆ ಹೇಳಿದರೆ ಆಯಿತು, ಅವನು ಸಮುದಾಯ ಭವನದಲ್ಲಿ ಹತ್ತು ಜನರನ್ನು ಕೂಡಿಸುತ್ತಾನೆ, ಫೋಟೋ ಆಗುತ್ತದೆ, ಬೂತ್ ಖರ್ಚು ಅವನ ಕೈಗೆ ಹೋಗುತ್ತದೆ. ಮುಖಂಡರು ಯಾರ ಮನೆಯ ಹೊಸ್ತಿಲೂ ದಾಟಿರುವುದಿಲ್ಲ. ನಾವು ಯಾರಿಗೂ ಹೇಳದೆ ಕೇರಿಗೆ ಯಾದಿ ಹಿಡಿದುಕೊಂಡು ಹೋದಾಗ ಮೊದಲು ಸಿಟ್ಟಾದವನು ಅವನೇ. ಎರಡನೆಯವರು ನಮ್ಮದೇ ಓಣಿಯ ಹಿರಿಯರು. ಕೇರಿಯ ಹೆಣ್ಣುಮಕ್ಕಳು ಮಾತ್ರ ನೇರ ಕೇಳಿದರು: ‘ಅಕ್ಕಾ, ಚಾ ಕುಡೀತೀರೋ, ಇಲ್ಲ ಉಪವಾಸ ಅದೀರೋ?’ ಆ ಪ್ರಶ್ನೆಯ ಹಿಂದೆ ಎಷ್ಟು ವರ್ಷದ ಅನುಭವ ಇದೆ ಅಂತ ಈ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಸವಣ್ಣನವರ ಕಲ್ಯಾಣ ನಮ್ಮಿಂದ ಒಂದು ಹಗಲಿನ ದಾರಿ. ಚಾ ಕುಡಿದೆವು. ನಮ್ಮ ಜೊತೆ ಬಂದಿದ್ದ ಒಬ್ಬಾಕೆ ಅವತ್ತು ಕುಡಿಯಲಿಲ್ಲ, ಮರುದಿನದಿಂದ ಬರಲೂ ಇಲ್ಲ.

ಇನ್ನೊಂದು ಭಯ ಇದೆ, ಅದನ್ನು ಪೇಟೆಯವರು ಗಮನಿಸುವುದಿಲ್ಲ. ಫಲಿತಾಂಶ ಬಂದ ಮೇಲೆ ನಮೂನೆ 20ರಲ್ಲಿ ಬೂತ್‌ವಾರು ಲೆಕ್ಕ ಹೊರಬರುತ್ತದೆ. ಊರಿಗೆ ಎರಡೇ ಬೂತು, ಶಾಲೆಯ ಎರಡು ಕೋಣೆ. ಯಾವ ಓಣಿಗೆ ಯಾವ ಕೋಣೆ ಅಂತ ಎಲ್ಲರಿಗೂ ಗೊತ್ತು. ಗೆದ್ದವರು ಆ ಹಾಳೆ ಹಿಡಿದುಕೊಂಡೇ ರಸ್ತೆ, ಬೋರ್‌ವೆಲ್, ಮನೆ ಮಂಜೂರಾತಿ ಹಂಚುತ್ತಾರೆ. ‘ನಿಮ್ಮ ಬೂತಿನಾಗ ನಮಗ ಏನ್ ಬಂದಾವ್?’ ಅನ್ನುವ ಮಾತನ್ನು ಪಂಚಾಯಿತಿ ಮೆಂಬರ್ ಆಗಿ ನಾನೇ ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ. ಹಲವು ಬೂತುಗಳ ಮತವನ್ನು ಒಟ್ಟಿಗೆ ಬೆರೆಸಿ ಎಣಿಸುವ ಟೋಟಲೈಜರ್ ಯಂತ್ರದ ಪ್ರಸ್ತಾವವನ್ನು ಚುನಾವಣಾ ಆಯೋಗ 2008ರಲ್ಲೇ ಮುಂದಿಟ್ಟಿತ್ತು. ಜಾರಿಗೆ ಬರಲಿಲ್ಲ. ಯಾವ ಪಕ್ಷವೂ ಅದಕ್ಕಾಗಿ ಹಟ ಹಿಡಿದದ್ದನ್ನು ನಾನು ಕಂಡಿಲ್ಲ. ಬೂತ್‌ವಾರು ಹಾಳೆ ಎಲ್ಲರಿಗೂ ಬೇಕು. ಹಾಗಾಗಿ ಜನ ಜಾಣರಾಗಿದ್ದಾರೆ. ಎಲ್ಲರಿಗೂ ‘ನಿಮಗೇರಿ, ಮತ್ತ್ಯಾರಿಗಿ ಹಾಕಮು’ ಅನ್ನುತ್ತಾರೆ. ಅದನ್ನು ನಂಬಿ ಬೆಂಬಲ ಇದೆ ಅಂತ ವರದಿ ಬರೆಯುವ ವೀಕ್ಷಕರು ಬೆಂಗಳೂರಿನಿಂದ ಬರುತ್ತಾರೆ, ಲಾಡ್ಜಿನಲ್ಲಿ ಇಳಿದು ಹೋಗುತ್ತಾರೆ.

ಇಷ್ಟೆಲ್ಲ ಮಾಡುವವರು ಯಾಕೆ ಮಾಡಬೇಕು? ನನ್ನ ಪ್ರಕಾರ ಪಕ್ಷ ಕಟ್ಟುವ ಮಾತೆಲ್ಲ ಕೊನೆಗೆ ಎಡವುವುದು ಈ ಕಲ್ಲಿಗೆ. ಓಣಿಯಲ್ಲಿ ದುಡಿದವನಿಗೆ ಮುಂದೇನು? ಹಿಂದೆ ದಾರಿ ಇತ್ತು. ಬೂತಿನಲ್ಲಿ ಕೆಲಸ ಮಾಡಿದವರಿಗೆ ತಾಲೂಕು ಪಂಚಾಯಿತಿ ಟಿಕೆಟ್ ಕೇಳುವ ಹಕ್ಕಿತ್ತು, ಅಲ್ಲಿ ಹೆಸರು ಮಾಡಿದರೆ ಜಿಲ್ಲಾ ಪಂಚಾಯಿತಿ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯುವುದಿಲ್ಲ. ಚಿಹ್ನೆ ಇರುವುದು ಈ ಎರಡು ಹಂತಕ್ಕೆ. 2016ರಲ್ಲಿ ಚುನಾಯಿತರಾದ ಜಿಲ್ಲಾ, ತಾಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು ಅಂತ ವರ್ಷ ವರ್ಷ ಮುಂದಕ್ಕೆ ಹೋಯಿತು. ಈ ನಡುವೆ ಮೂರು ಪಕ್ಷಗಳೂ ಒಂದಲ್ಲ ಒಂದು ರೀತಿಯಲ್ಲಿ ಅಧಿಕಾರದ ಹತ್ತಿರ ಇದ್ದವು, ಯಾರಿಗೂ ಅವಸರ ಇರಲಿಲ್ಲ. ಶಾಸಕರಿಗಂತೂ ಒಳಗೊಳಗೇ ಖುಷಿ ಅಂತ ನನ್ನ ಅನುಮಾನ. ನಡುವೆ ಇನ್ನೊಬ್ಬ ಜನಪ್ರತಿನಿಧಿ ಇಲ್ಲದಿದ್ದರೆ ಎಲ್ಲರೂ ಅವರ ಮನೆ ಬಾಗಿಲಿಗೇ ಬರಬೇಕಲ್ಲ.

ಕಾರ್ಯಕರ್ತ ಬೂತಿನಲ್ಲಿ ಹುಟ್ಟಿ ಬೂತಿನಲ್ಲೇ ಮುಪ್ಪಾಗುತ್ತಿದ್ದಾನೆ. ನಡುವಿನ ಮೆಟ್ಟಿಲು ಕಿತ್ತುಹೋದ ಮೇಲೆ ಮೇಲೆ ಹೋಗುವ ದಾರಿ ದುಡ್ಡಿನದ್ದು ಮಾತ್ರ. ವಿಧಾನಸಭಾ ಅಭ್ಯರ್ಥಿಯ ಖರ್ಚಿನ ಮಿತಿ ಕಾಗದದ ಮೇಲೆ 40 ಲಕ್ಷ; ಟಿಕೆಟ್ ಆಕಾಂಕ್ಷಿಯನ್ನು ಮೊದಲು ಕೇಳುವ ಪ್ರಶ್ನೆ ಯಾವುದು ಅಂತ ಎಲ್ಲರಿಗೂ ಗೊತ್ತು. ನಮ್ಮ ಜೊತೆ ಬರುವ ಹುಡುಗಿಯರಲ್ಲಿ ಇಬ್ಬರು ಚುರುಕು. ಬಿ.ಎ. ಮುಗಿಸಿದ್ದಾರೆ, ನಮೂನೆಗಳನ್ನು ಮೊಬೈಲಿನಲ್ಲೇ ತುಂಬುತ್ತಾರೆ, ಕೇರಿಯಲ್ಲೂ ತಾಂಡಾದಲ್ಲೂ ಅವರ ಮಾತು ನಡೆಯುತ್ತದೆ. ಪಕ್ಷ ಅವರಿಗೆ ಏನು ಕೊಡುತ್ತದೆ ಅಂತ ತಾಲೂಕು ಸಭೆಯಲ್ಲಿ ಕೇಳಿದೆ. ಒಬ್ಬ ಪದಾಧಿಕಾರಿ ‘ಮೇಡಂ, ನೀವು ಸಮಾಜಸೇವೆ ಮಾಡ್ತೀರೋ, ಪಕ್ಷ ಕಟ್ತೀರೋ?’ ಅಂದರು. ಸಭೆಯಲ್ಲಿ ನಗು ಎದ್ದಿತು. ಇವೆರಡೂ ಬೇರೆ ಬೇರೆ ಅಂದುಕೊಂಡವರಿಂದಲೇ ಬೂತ್ ಸಮಿತಿಯ ಯಾದಿಯಲ್ಲಿ ಸತ್ತವರ ಹೆಸರು ಉಳಿದಿರುವುದು. ಹೇಳಬೇಕು ಅನಿಸಿತು, ಅಷ್ಟರಲ್ಲಿ ಊಟಕ್ಕೆ ಎದ್ದರು.

ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕ ಇವೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖು. ಹದಿನೆಂಟು ತುಂಬುವ ಹುಡುಗ-ಹುಡುಗಿಯರ ಪಟ್ಟಿಯನ್ನು ನಾವು ಪಿಯು ಕಾಲೇಜಿಗೆ ಹೋಗುವ ಬಸ್ಸಿನ ಹೊತ್ತಿಗೆ ನಿಂತು ಮಾಡುತ್ತೇವೆ. ಹುಡುಗಿಯರ ಮದುವೆ ಬೇಗ ಆಗುತ್ತದೆ, ಹೆಸರು ಸೇರಿಸಿ ಆರು ತಿಂಗಳಿಗೆ ಬೇರೆ ಊರಿಗೆ ವರ್ಗಾವಣೆಯ ನಮೂನೆ 8 ತುಂಬಬೇಕು. ಆ ಊರಲ್ಲಿ ನಮ್ಮಂಥವರು ಯಾರಾದರೂ ಇದ್ದರೆ ಫೋನ್ ಮಾಡಿ ಹೇಳುತ್ತೇವೆ, ಅವರು ಬೇರೆ ಪಕ್ಷದವರಾದರೂ.

ಇದೆಲ್ಲ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿದೆ. ಓಣಿ, ಮನೆ, ಹೆಸರು, ಎಲ್ಲಿದ್ದಾರೆ, ಯಾವ ಅರ್ಜಿ ಎಲ್ಲಿಗೆ ಬಂತು. ಸುದ್ದಿ ತಾಲೂಕಿಗೆ ಮುಟ್ಟಿತು. ನಗಾಡಿದ ಪದಾಧಿಕಾರಿಯೇ ಫೋನ್ ಮಾಡಿ ಬಹಳ ಚಲೋ ಕೆಲಸ ಅಂದರು, ನೋಟ್‌ಬುಕ್ಕಿನ ಮಾಹಿತಿ ಎಕ್ಸೆಲ್ಲಿನಲ್ಲಿ ಬೇಕು ಅಂದರು, ಜೊತೆಗೆ ಒಂದು ಕಾಲಂ ಹೆಚ್ಚಿಗೆ: ಪ್ರತಿ ಹೆಸರಿನ ಮುಂದೆ ‘ನಮ್ಮವರು’, ‘ವಿರೋಧಿ’, ‘ಅನುಮಾನ’, ಮೂರರಲ್ಲಿ ಒಂದು. ಮೇಲಿಂದ ಬಂದ ಫಾರ್ಮ್ಯಾಟ್ ಅಂತೆ. ಯಾರ ಕೈಗೆ ಆ ಹಾಳೆ ಹೋಗುತ್ತದೆ, ನಾಳೆ ಬೋರ್‌ವೆಲ್ ಹಂಚುವಾಗ ಯಾರು ಅದನ್ನು ತೆಗೆದು ನೋಡುತ್ತಾರೆ ಅಂತ ಕೇಳಿದೆ. ‘ಪಕ್ಷದ ಮ್ಯಾಲ ಅಷ್ಟೂ ನಂಬಿಕಿ ಇಲ್ಲೇನ್ರಿ?’ ಅಂದರು. ಹುಡುಗಿಯರು ಎಕ್ಸೆಲ್ ಮಾಡಿಕೊಟ್ಟರು, ಕೊನೆಯ ಕಾಲಂ ನಾನೇ ತುಂಬಿದೆ. ಒಂದನೇ ನಂಬರಿನಿಂದ ಕೊನೆಯ ನಂಬರಿನವರೆಗೆ ಎಲ್ಲರ ಮುಂದೆಯೂ ‘ಅನುಮಾನ’. ನನ್ನ ಮನೆಯ ಐದು ಹೆಸರುಗಳ ಮುಂದೆಯೂ. ಕಳಿಸಿ ವಾರವಾಯಿತು. ಎರಡು ನೀಲಿ ಗೆರೆ ಬಂದಿವೆ, ಫೋನ್ ಬಂದಿಲ್ಲ.